ಮುಖ ನೋಡಿದ್ರೆ ಗೊತ್ತಾಗಲ್ವಾ?

ನನ್ನ ತಮ್ಮನಿಗೆ ಈಗ 29 ವರ್ಷ. ಆಟಿಸಂ ಇದೆ. ಶಿರಸಿಯ ಒಂದು ಅಡಿಕೆ ಅಂಗಡಿಯಲ್ಲಿ ಅಡಿಕೆ ಆರಿಸುತ್ತಿದ್ದ. ಕೆಂಪುಗೋಟು, ಬಿಳಿಗೋಟು, ಕೋಕ ಎಲ್ಲ ಅವನ ಕೈಯಿಂದ ಬೇರೆ ಬೇರೆ ಗುಡ್ಡೆಗೆ ಬೀಳುವುದನ್ನು ನೋಡಬೇಕು. ಒಂದೂ ತಪ್ಪಲ್ಲ.

ಕಳೆದ ತಿಂಗಳು ಆ ಕೆಲಸ ಹೋಯಿತು. ಹೊರಗೆ ಲಾರಿ ಬಂದು ನಿಂತಿತ್ತು. ಮಾಲೀಕರು ಬಾಗಿಲಲ್ಲಿ ನಿಂತು, "ಇನ್ನೂ ಮುಗೀಲಿಲ್ವಾ ನಿಂದು?" ಅಂದರಂತೆ. ಇವನು ತಲೆಯೆತ್ತಿ ಅವರ ಮುಖ ನೋಡಿದ. "ಇಲ್ಲ" ಅಂದ. ಮತ್ತೆ ಆರಿಸಲು ಕೂತ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದ, ಅಷ್ಟೇ. ಅವರಿಗೆ ಅದು ಸೊಕ್ಕಾಗಿ ಕಂಡಿತು. ನನಗೆ ಫೋನ್ ಮಾಡಿ, "ಸಿಟ್ಟು ಬಂದಿದ್ದು ಮುಖ ನೋಡಿದ್ರೆ ಗೊತ್ತಾಗಲ್ವಾ ಅವನಿಗೆ?" ಎಂದು ಕೇಳಿದರು.

ಗೊತ್ತಾಗದೇ ಇರಬಹುದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಆಟಿಸಂ ಇರುವ, ಇಲ್ಲದ 60 ವಯಸ್ಕರಿಗೆ ಒಂದು ಪರೀಕ್ಷೆ ಮಾಡಿದ್ದರು. ಮುಖ ತೋರಿಸಲಿಲ್ಲ, ಮುಖದ ಚಲನೆಯನ್ನು ಬರೀ ಚುಕ್ಕೆಗಳಲ್ಲಿ ತೋರಿಸಿದರು. ಖುಷಿ, ದುಃಖ ಗುರುತಿಸುವುದರಲ್ಲಿ ಎರಡೂ ಕಡೆಯವರಿಗೆ ಅಂಥ ವ್ಯತ್ಯಾಸವೇ ಇರಲಿಲ್ಲ. ಸಿಟ್ಟು ಮಾತ್ರ, ಅದೂ ಚಲನೆಯನ್ನು ದೊಡ್ಡದು ಚಿಕ್ಕದು ಮಾಡದೆ, ವೇಗ ಬದಲಿಸದೆ ಇದ್ದ ಹಾಗೇ ತೋರಿಸಿದಾಗ, ಆಟಿಸಂ ಇರುವವರಿಗೆ ಕಡಿಮೆ ತಿಳಿಯಿತು. ತಮ್ಮ ಭಾವನೆಗೇ ಹೆಸರಿಡಲು ಕಷ್ಟಪಡುವವರು ಇರುತ್ತಾರಲ್ವಾ, ಆ ತೊಂದರೆಯನ್ನೂ ಎರಡೂ ಗುಂಪಲ್ಲಿ ಸಮ ಮಾಡಿಕೊಂಡೇ ನೋಡಿದ್ದರು. ಹಾಗಿದ್ದೂ ವ್ಯತ್ಯಾಸ ಉಳಿಯಿತು. "ಇವರಿಗೆ ಯಾರ ಭಾವನೆಯೂ ಅರ್ಥ ಆಗಲ್ಲ" ಅನ್ನುವವರು ಇದನ್ನು ಗಮನಿಸಬೇಕು. ತಪ್ಪಿದ್ದು ಸಿಟ್ಟೊಂದೇ.

ಯಕ್ಷಗಾನಕ್ಕೆ ಹೋದರೆ ನನ್ನ ತಮ್ಮನಿಗೆ ಕೌರವನ ಸಿಟ್ಟು ತಪ್ಪುವುದೇ ಇಲ್ಲ. ಅಲ್ಲಿ ಹುಬ್ಬು, ಕಣ್ಣು ದೂರಕ್ಕೂ ಕಾಣುತ್ತವೆ. ಚಂಡೆ ಏರುತ್ತದೆ. ಭಾಗವತರು ಪದ್ಯದಲ್ಲಿ ಹೇಳುತ್ತಾರೆ, ವೇಷಧಾರಿ ಅರ್ಥದಲ್ಲಿ ಬಿಡಿಸಿ ಹೇಳುತ್ತಾನೆ. ಅಂಗಡಿ ಬಾಗಿಲಲ್ಲಿ ಇದ್ದದ್ದು ಬಿಗಿದ ಒಂದು ಮುಖ, ಅರೆಗಳಿಗೆ.

ನಾವೂ ಅವನ ಮುಖ ಓದಲಿಲ್ಲ, ನಿಜ ಹೇಳಬೇಕು ಅಂದ್ರೆ. ಅವನಿಗೆ ಸಿಟ್ಟು ಬಂದರೆ ಹುಬ್ಬು ಅಲುಗುವುದಿಲ್ಲ. ಕೆಳತುಟಿ ಒಳಗೆ ಹೋಗುತ್ತದೆ, ಗಲ್ಲದಲ್ಲಿ ಸಣ್ಣ ಗುಳಿ ಬೀಳುತ್ತದೆ. ಎಷ್ಟೋ ವರ್ಷ ಅದನ್ನು ನಾವು ಏನೋ ಯೋಚನೆ ಮಾಡ್ತಿದ್ದಾನೆ ಅಂದುಕೊಂಡಿದ್ದೆವು. ಆಟಿಸಂ ಇರುವವರು ಸಿಟ್ಟು ತೋರಿಸುವಾಗ ಉಳಿದವರಿಗಿಂತ ಬಾಯಿಯನ್ನು ಜಾಸ್ತಿ, ಹುಬ್ಬನ್ನು ಕಡಿಮೆ ಬಳಸುತ್ತಾರೆ ಎಂದು ಅದೇ ವಿಶ್ವವಿದ್ಯಾಲಯದ ಇನ್ನೊಂದು ಅಧ್ಯಯನದಲ್ಲಿ ಓದಿದಾಗ ನನಗೆ ಅಳು ಬಂತು. ತಾವೇ ಆಟಿಸಂ ಇರುವ ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲೇ ಬರೆದಿದ್ದರು, ಅರ್ಥವಾಗದಿರುವುದು ಎರಡೂ ಕಡೆಯ ತೊಂದರೆ ಅಂತ. ಆದರೆ ಕೆಲಸ ಕಳೆದುಕೊಳ್ಳುವುದು ಒಂದೇ ಕಡೆಯವರು. ಇದು ಅನ್ಯಾಯ. "ಲಾರಿ ಕಾಯ್ತಾ ಇದೆ, ನಂಗೆ ಸಿಟ್ಟು ಬರ್ತಿದೆ, ಬೇಗ ಮಾಡು" ಎಂದಿದ್ದರೆ ಅವನು ಖಂಡಿತ ಬೇಗ ಮಾಡುತ್ತಿದ್ದ.

ಮನೆಯಲ್ಲಿ ಈಗ ಬಾಯಿಬಿಟ್ಟೇ ಹೇಳುತ್ತೇವೆ. ಮೊನ್ನೆ ಅಮ್ಮ ತೋಟದಿಂದ ಬಂದವಳೇ, "ಮಾಣಿ, ನಂಗೆ ಸಿಟ್ಟು ಬಂದಿದೆ" ಅಂದಳು. ಅವನು ಕೈಯಲ್ಲಿದ್ದ ಲೋಟ ಕೆಳಗಿಟ್ಟು, "ನನ್ನ ಮೇಲಾ?" ಎಂದು ಕೇಳಿದ.

"ಅಲ್ವೋ, ಮಂಗನ ಮೇಲೆ. ಬಾಳೆಗೊನೆ ಪೂರ್ತಿ ಹಾಳು ಮಾಡಿದಾವೆ."

ಅವನು ಲೋಟ ಎತ್ತಿಕೊಂಡು ಉಳಿದ ಚಹಾ ಕುಡಿದ.