ಜಿಗಣೆ ಇಲ್ಲದ ಕಾಡು

ಜುಲೈ ತಿಂಗಳ ಒಂದು ಶನಿವಾರ ರಾತ್ರಿ ನನಗಾದ ಅವಮಾನಕ್ಕೆ ಒಂದು ಪ್ಯಾರಾ ಕಾರಣ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟವಿದೆ: ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಪಾತ್ರಗಳಾಗಿ ದಾಳ ಹಾಕುತ್ತಾ ಆಡುತ್ತಾರೆ. ನಮ್ಮಲ್ಲಿ ಕಥೆ ನಡೆಸುವವನು ನಾನು. ಅದರ ಪುಸ್ತಕಗಳಲ್ಲಿ ಸುತ್ತ ಗೆರೆ ಎಳೆದು, ಮೇಲೆ 'ಆಟಗಾರರಿಗೆ ಗಟ್ಟಿಯಾಗಿ ಓದಿ ಹೇಳಿ' ಎಂದು ಬರೆದಿರುತ್ತಾರಲ್ಲ, ಅಂಥ ಪ್ಯಾರಾ. ನಾನು ದನಿ ತಗ್ಗಿಸಿ, ಅಲ್ಲಲ್ಲಿ ನಿಲ್ಲಿಸಿ, ಯಕ್ಷಗಾನದ ಭಾಗವತರಿಗೂ ಹೊಟ್ಟೆಕಿಚ್ಚಾಗುವಂತೆ ಓದಿದೆ. ನೀವು ಫೇ ಎಂಬ ಮಾಯಾವಿ ಜನರ ಲೋಕವಾದ ಫೇವೈಲ್ಡ್‌ನೊಳಗೆ ಕಾಲಿಟ್ಟಿದ್ದೀರಿ. ಸುತ್ತಲೂ ಮಂಜು. ಮರಗಳ ಮೈತುಂಬ ಪಾಚಿ. ಎಲೆಗಳಿಂದ ನೀರು ತೊಟ್ಟಿಕ್ಕುತ್ತಿದೆ. ಬುಡದಲ್ಲಿ ಬಣ್ಣಬಣ್ಣದ ಅಣಬೆ. ಬೆಳಗೋ ಸಂಜೆಯೋ ತಿಳಿಯದ ಮಬ್ಬು.

ಮೇಜಿನ ಸುತ್ತ ನಾಲ್ಕು ಜನ. ಒಬ್ಬರೂ ತಲೆ ಎತ್ತಲಿಲ್ಲ. ಭಾವ ಚಕ್ಕುಲಿ ಮುರಿಯುತ್ತಾ, "ಸರಿ, ಮುಂದೆ?" ಅಂದರು.

ತಪ್ಪು ಅವರದ್ದಲ್ಲ. ಹಗಲೆಲ್ಲ ಅವರು ನೋಡಿ ಬಂದದ್ದೂ ಅದನ್ನೇ. ಮಡಿಕೇರಿ ಕಡೆ ಮಳೆಗಾಲದಲ್ಲಿ ಬಟ್ಟೆ ಒಣಗದೆ, ಚಪ್ಪಲಿಗೆ ಬೂಷ್ಟು ಹಿಡಿದು, ಎರಡು ದಿನದಿಂದ ಕರೆಂಟಿಲ್ಲದೆ ಕೂತವರಿಗೆ ಮಂಜು, ಪಾಚಿ ಅಂತ ಮಾಯಾಲೋಕ ಕಟ್ಟಿಕೊಡಲು ಹೋದರೆ ಹೀಗೇ ಆಗೋದು. ಪಕ್ಕದ ತೋಟದ ಹುಡುಗ ಮಾತ್ರ ಪಾಪ, ಮರ್ಯಾದೆಗೆ ಒಂದು ಪ್ರಶ್ನೆ ಕೇಳಿದ.

"ಮಾವ, ಜಿಗಣೆ ಇದೆಯಾ?"

ನಾನು ಪುಟ ತಿರುವಿದೆ. ಜಿಗಣೆ ಇರಲಿಲ್ಲ. ದಾಳ ಹಾಕಿ ಏನು ಎದುರಾಗುತ್ತದೆಂದು ನೋಡುವ ಟೇಬಲ್ಲುಗಳಲ್ಲೂ ಇರಲಿಲ್ಲ. ಹಾಡುವ ಅಣಬೆ ಇತ್ತು, ಅಳುವ ಬಂಡೆ ಇತ್ತು, ಒಗಟು ಹೇಳುವ ಕಪ್ಪೆ ಮೂರು ಕಡೆ ಇತ್ತು. ಇಷ್ಟು ಒದ್ದೆ ಕಾಡಿನಲ್ಲಿ ಒಂದೇ ಒಂದು ಜಿಗಣೆ ಇಲ್ಲ! ಬರೆದ ಪುಣ್ಯಾತ್ಮ ಮಳೆಯಲ್ಲಿ ಕಾಡಿಗೆ ಹೋದವನೇ ಅಲ್ಲ.

2008ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ನಾಲ್ಕನೇ ಆವೃತ್ತಿಯವರು ಈ ಲೋಕಕ್ಕೆ ಫೇವೈಲ್ಡ್ ಎಂದು ಹೆಸರಿಟ್ಟರು. ಅಲ್ಲಿಂದ ಈಚೆಗೆ ಅದನ್ನು ಆಡಿಸುವುದು ಹೇಗೆಂದು ಕಲಿಸುವ ಪುಸ್ತಕಗಳು ನಾಯಿಕೊಡೆಗಳಂತೆ ಎದ್ದಿವೆ. ನಾನೂ ಕೊಳ್ಳುತ್ತೇನೆ. ಒಂದು ಕೊಂಡಾಗ ಇದೇ ಕೊನೆಯದು ಅಂದುಕೊಳ್ಳುತ್ತೇನೆ. ಕರೆಂಟು ಹೋದರೆ ಪಿಡಿಎಫ್ ಸತ್ತಂತೆಯೇ, ಆದ್ದರಿಂದ ಪೇಟೆಗೆ ಹೋಗಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸುತ್ತೇನೆ. ಅಂಗಡಿಯವರು ರಾಣಿಯರ ಚಿತ್ರ ನೋಡಿ ನನ್ನ ಮುಖ ನೋಡುತ್ತಾರೆ. ಒಳಗೆ ಏನಿರುತ್ತದೆ? ಸ್ಕಾಟ್ಲೆಂಡಿನ ಜನಪದದಿಂದ ಎತ್ತಿಕೊಂಡ ಸೀಲೀ, ಅನ್‌ಸೀಲೀ ಎಂಬ ಎರಡು ಆಸ್ಥಾನ. ಅದರ ಮೇಲೆ ಬೇಸಿಗೆ ರಾಣಿ, ಚಳಿಗಾಲದ ರಾಜ. ಮಳೆಗಾಲಕ್ಕೆ ಯಾರೂ ಇಲ್ಲ, ಗಮನಿಸಿ. ಆಮೇಲೆ ಫೇ ಜನ ಸಹಾಯಕ್ಕೆ ಕೇಳುವ ಬೆಲೆಗಳ ಪಟ್ಟಿ, ನೂರು ಸಾಲು. ಅರವತ್ತು ಸಾಲಿನಲ್ಲಿ ಒಂದೇ ಮಾತು: ನಿನ್ನ ಒಂದು ನೆನಪು ಕೊಡು. ನನ್ನ ಆಟಗಾರರು ಪ್ರತಿ ವಾರ ತಮ್ಮ ಪಾತ್ರದ ಹಾಳೆಯನ್ನೇ ಮನೆಯಲ್ಲಿ ಮರೆತು ಬರುತ್ತಾರೆ. ಅವರ ನೆನಪು ತಗೊಂಡು ರಾಣಿ ಏನು ಮಾಡಬೇಕು?

"ನಿಮ್ಮಲ್ಲೇ ದೇವರಕಾಡು ಇದೆಯಲ್ಲ ಸಾರ್, ಅದನ್ನೇ ಹಾಕಿ ಒಂದು ಪುಸ್ತಕ ಮಾಡಿ" ಎಂದು ಸಲಹೆ ಕೊಡುವವರಿಗೂ ಕೊರತೆಯಿಲ್ಲ. ಇದೆ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ನಮ್ಮ ಮನೆಯಿಂದ ಪೇಟೆಗೆ ಹೋಗುವ ದಾರಿಯಲ್ಲೂ ಒಂದಿದೆ. ಬೇಟೆಗಾರ ಅಯ್ಯಪ್ಪನಿಗೆ ಹರಕೆ ಒಪ್ಪಿಸಿದ ಮಣ್ಣಿನ ನಾಯಿಗಳು ಅಲ್ಲಿ ಸಾಲಾಗಿ ಕೂತಿವೆ. ಅವುಗಳಿಗೆ ಹಿಟ್ ಪಾಯಿಂಟ್, ಅಂದರೆ ಎಷ್ಟು ಪೆಟ್ಟು ತಾಳುತ್ತವೆಂಬ ಅಂಕಿ, ಬರೆಯುವ ಧೈರ್ಯ ನನಗಿಲ್ಲ. ಸಲಹೆ ಕೊಟ್ಟವರು ಭಾನುವಾರ ಬೆಂಗಳೂರಿಗೆ ಹೊರಟುಬಿಡುತ್ತಾರೆ. ನಾನು ಸೋಮವಾರ ಅದೇ ದಾರಿಯಲ್ಲಿ ಹೋಗಬೇಕು.

ಪುಸ್ತಕಗಳು ಪೂರ್ತಿ ದಂಡ ಅಂತಲೂ ಅಲ್ಲ. 2021ರಲ್ಲಿ ಬಂದ ಒಂದು ಸಾಹಸಕಥೆಯಲ್ಲಿ ಆ ಲೋಕದ ನಡವಳಿಕೆಗೆ ಮೂರೇ ನಿಯಮ. ಮನೆಗೆ ಬಂದವರನ್ನು ಉಪಚರಿಸು. ಕದಿಯಬೇಡ. ಉಡುಗೊರೆ ಕೊಟ್ಟರೆ ತಗೋ, ಅಷ್ಟೇ ಬೆಲೆಯದ್ದನ್ನು ವಾಪಸ್ ಕೊಡು. ಈ ಮೂರನೆಯದು ನಮ್ಮ ಮನೆಯಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಮೂರು ವರ್ಷದ ಹಿಂದೆ ಕೆಳಗಿನ ಮನೆಯವರು ಒಂದು ಡಬ್ಬಿ ಪಂದಿ ಕರಿ ಕಳಿಸಿದ್ದರು. ಡಬ್ಬಿ ಖಾಲಿ ಕೊಡಬಾರದು, ಆ ಕರಿಗೆ ಸಮನಾದದ್ದು ನಮ್ಮ ಅಡುಗೆಮನೆಯಲ್ಲಿ ಇನ್ನೂ ಆಗಿಲ್ಲ. ಡಬ್ಬಿ ಕಪಾಟಿನ ಮೇಲಿದೆ. ಅವರ ಮನೆ ಮುಂದೆ ನಾನು ಬೇಗ ಬೇಗ ನಡೆಯುತ್ತೇನೆ.

ಇನ್ನೊಂದು ನಿಯಮ ಹಳೆಯ ಕಾಲದ್ದು: ಫೇ ಲೋಕದಲ್ಲಿ ಏನೂ ತಿನ್ನಬಾರದು, ತಿಂದರೆ ಹಿಂದಿರುಗಲಾಗದು. ಇದರ ಬಗ್ಗೆ ಒಂದು ಮುಖ್ಯ ವಿಚಾರ ಹೇಳಬೇಕೆಂದೇ ಬರೆಯಲು ಕೂತೆ. ಅದಕ್ಕೆ ಮೊದಲು ಬೆಂಗಳೂರಿನ ಒಬ್ಬ ಹುಡುಗನ ಕಥೆ.

ಎರಡು ವರ್ಷದ ಹಿಂದೆ ಆಗಸ್ಟ್ 3ಕ್ಕೆ ನನ್ನ ಅಳಿಯ ಬೆಂಗಳೂರಿನಿಂದ ಒಬ್ಬ ಗೆಳೆಯನನ್ನು ಕರೆತಂದ. ಹುಡುಗ ಆಟದಲ್ಲಿ ಎಲ್ಫ್ (ಕಥೆಗಳಲ್ಲಿ ಬರುವ ಚೂಪುಕಿವಿಯ ಜನ) ಆದ. ಭಾರಿ ಹುಷಾರು. ಬೇಸಿಗೆ ರಾಣಿ ದ್ರಾಕ್ಷಾರಸ ಕೊಟ್ಟಳು, ಒಲ್ಲೆ ಅಂದ. ಹಣ್ಣು ಕೊಟ್ಟಳು, ಒಲ್ಲೆ. ನೀರನ್ನೂ ಮುಟ್ಟಲಿಲ್ಲ. ಮೂರು ಗಂಟೆ ಹೊತ್ತು ನನ್ನ ರಾಣಿಯನ್ನು ಉಪವಾಸದಿಂದಲೇ ಸೋಲಿಸಿದ. ಆಗ ಅತ್ತೆ ಒಳಗಿನಿಂದ ಪಾಯಸ ತಂದರು. ಅವತ್ತು ಕಕ್ಕಡ ಹದಿನೆಂಟು, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಆ ದಿನಕ್ಕೆ ಮದ್ದು ಸೊಪ್ಪಿಗೆ ಹದಿನೆಂಟು ಬಗೆಯ ಔಷಧಿಯ ಗುಣ ಬಂದಿರುತ್ತದೆ ಎಂದು ನಂಬಿಕೆ. ಸೊಪ್ಪು ಕುದಿಸಿದ ಕಡು ನೇರಳೆ ರಸಕ್ಕೆ ಅಕ್ಕಿ, ಬೆಲ್ಲ, ತೆಂಗಿನಹಾಲು. ಹುಡುಗ ಏನು, ಎತ್ತ ಎಂದು ಕೇಳದೆ ಮೂರು ಬಟ್ಟಲು ತಿಂದ.

ಮಾರನೇ ದಿನ ಬೆಳಗ್ಗೆ ಏನಾಗುತ್ತದೆ ಎಂದು ಅವನಿಗೆ ಯಾರೂ ಹೇಳಲಿಲ್ಲ. ಮರೆತೆವು. ಭಾವ ಮರೆತರೋ ಇಲ್ಲವೋ ನನಗೆ ಈಗಲೂ ಅನುಮಾನ.

ಬೆಳಗ್ಗೆ ಆರಕ್ಕೆ ಬಚ್ಚಲಿಗೆ ಹೋದವನು ಬಿಳಿಚಿಕೊಂಡು ಹೊರಬಂದ. ಯಾರಿಗೂ ಏನೂ ಹೇಳಲಿಲ್ಲ. ಕೊಟ್ಟಿಗೆ ಪಕ್ಕದ ದಿಬ್ಬದಲ್ಲಿ ಮಾತ್ರ ಸಿಗ್ನಲ್ ಸಿಗುತ್ತದೆ, ಕೊಡೆ ಹಿಡಿದು ಅಲ್ಲಿಗೆ ಹೋಗಿ ತಾಯಿಗೆ ಫೋನ್ ಮಾಡಿದ. "ಅಮ್ಮಾ, ಮೂತ್ರ ಕೆಂಪಗೆ ಹೋಗ್ತಿದೆ." ಹಾಲು ಕರೆಯುತ್ತಿದ್ದ ಅತ್ತೆ ಅದನ್ನು ಕೇಳಿಸಿಕೊಂಡು ಬಲು ಸಂತೋಷದಿಂದ ಫೋನ್ ಇಸಿದುಕೊಂಡರು.

"ಏನೂ ಹೆದರ್ಬೇಡಿಯಮ್ಮ, ಅದು ಮದ್ದು."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ನನ್ನ ಮಗನಿಗೆ ಮದ್ದು ಹಾಕಿದ್ರಾ?"

"ಹಾಕಿದ್ವಿ. ಮೂರು ಬಟ್ಟಲು."

"ಅಯ್ಯೋ ದೇವರೇ! ಅವನು ನಿಮಗೇನು ಮಾಡಿದ್ದ?"

ಅತ್ತೆಗೆ ಕಿವಿ ಸ್ವಲ್ಪ ಮಂದ. "ಅವನೊಬ್ಬನಿಗೇ ಅಲ್ಲಮ್ಮ, ಮನೆಯವರಿಗೆಲ್ಲ ಹಾಕಿದೀವಿ. ವರ್ಷಾ ವರ್ಷಾ ಹಾಕ್ತೀವಿ. ನೀವೂ ಬನ್ನಿ, ನಿಮಗೂ ಹಾಕ್ತೀವಿ."

ನಾನು ಪಂಚೆ ಎತ್ತಿಕಟ್ಟಿಕೊಂಡು ದಿಬ್ಬ ಹತ್ತುವಷ್ಟರಲ್ಲಿ ಮಾತು ಪೊಲೀಸರವರೆಗೆ ಹೋಗಿತ್ತು. ಅದು ಊಟದಲ್ಲಿ ಬೆರೆಸಿ ವಶ ಮಾಡಿಕೊಳ್ಳುವ ಮದ್ದಲ್ಲ, ಸೊಪ್ಪು, ಹಬ್ಬ, ಬಣ್ಣ ಬರುವುದು ಸಹಜ ಎಂದು ಆ ತಾಯಿಗೆ ತಿಳಿಸಲು ಮಳೆಯಲ್ಲಿ ನಲವತ್ತು ನಿಮಿಷ ಬೇಕಾಯಿತು. ನಡುವೆ ನಾಲ್ಕು ಸಲ ಲೈನ್ ಕಟ್ಟಾಯಿತು, ಪ್ರತಿ ಸಲವೂ ಸರಿಯಾಗಿ "ಮದ್ದು" ಅಂದ ಕೂಡಲೇ.

ಹುಡುಗ ಮಧ್ಯಾಹ್ನದ ಬಸ್ಸಿಗೆ ಹೋದ. ಮತ್ತೆ ಬರಲಿಲ್ಲ. ಅವನ ಎಲ್ಫ್ ಇನ್ನೂ ರಾಣಿಯ ಮಹಲಿನಲ್ಲೇ ಇದ್ದಾನೆ, ಏನೂ ತಿನ್ನದೆ. ಆಟ ನಡೆಸುವವರಿಗೆಂದೇ ಇರುವ 2014ರ ಡಂಜನ್ ಮಾಸ್ಟರ್ ಕೈಪಿಡಿಯ ಒಂದು ಐಚ್ಛಿಕ ನಿಯಮದ ಪ್ರಕಾರ ಫೇವೈಲ್ಡ್ ಬಿಟ್ಟು ಬರುವಾಗ ಇಪ್ಪತ್ತು ಮುಖದ ದಾಳ ಹಾಕಬೇಕು. 20 ಬಿದ್ದರೆ ಅಲ್ಲಿ ಕಳೆದ ದಿನಗಳು ಇಲ್ಲಿ ವರ್ಷಗಳಾಗುತ್ತವೆ. ಅಲ್ಲಿ ನಡೆದದ್ದು ಮರೆತುಹೋಗಬಹುದು ಎಂಬ ನಿಯಮವೂ ಅದರಲ್ಲಿದೆ. ಎಲ್ಫ್‌ಗಳಿಗೆ ಆ ಮರೆವು ತಟ್ಟುವುದಿಲ್ಲ. ಹುಡುಗನ ತಾಯಿಗೂ ತಟ್ಟಿಲ್ಲವೆಂದು ಅಳಿಯ ಹೇಳುತ್ತಾನೆ.

ಊಟದ ನಿಯಮದ ಬಗ್ಗೆ ಹೇಳಬೇಕೆಂದಿದ್ದ ವಿಚಾರ ಈಗ ನೆನಪಾಗುತ್ತಿಲ್ಲ. ಇರಲಿ.

ಮುಂದಿನ ಶನಿವಾರ ನಾನು ಟೇಬಲ್ಲಿನ 13ನೇ ಸಾಲಿನ ಹಾಡುವ ಅಣಬೆ ಹೊಡೆದುಹಾಕಿ ಪೆನ್ನಿನಲ್ಲಿ 'ಜಿಗಣೆ' ಎಂದು ಬರೆದೆ. ದಾಳಕ್ಕೂ ಕಾಯಲಿಲ್ಲ, ಎಲ್ಲರಿಗೂ ಒಂದೊಂದು ಹತ್ತಿಸಿದೆ. ಎಲ್ಲರೂ ಎದ್ದು ಕೂತರು. ಪಕ್ಕದ ತೋಟದ ಹುಡುಗ ಉಪ್ಪು ಹಾಕುತ್ತೇನೆ ಅಂದ. ಅಳಿಯ ಸುಣ್ಣ ಅಂದ. ಭಾವ, "ಫೇ ಲೋಕದ್ದಕ್ಕೆ ಉಪ್ಪು ನಾಟಲ್ಲ, ಕಬ್ಬಿಣವೇ ಆಗಬೇಕು" ಎಂದು ಹಟ ಹಿಡಿದರು. "ಕತ್ತಿಯಲ್ಲಿ ಜಿಗಣೆ ಕೀಳ್ತೀರಾ ಮಾವ?" ಎಂದು ಹುಡುಗ. ರಾಣಿ ಒಂದು ಮೂಲೆಯಲ್ಲಿ ಸುಮ್ನೆ ಕಾಯುತ್ತಿದ್ದಳು. ಹನ್ನೊಂದೂವರೆಗೆ, ಅಲ್ಲಿಯವರೆಗೆ ಮಾತೇ ಆಡದಿದ್ದ ಬ್ಯಾಂಕಿನ ಗೆಳತಿ ಮೇಣದಬತ್ತಿ ಕೆಳಗಿಳಿಸಿ ತನ್ನ ಪಾದ ನೋಡಿಕೊಂಡಳು.

"ಇದು ಆಟದ್ದಲ್ಲ," ಅಂದಳು. "ಯಾರಾದ್ರೂ ಉಪ್ಪು ತನ್ನಿ."