ಒಪ್ಪಲು ಅಂಚೆ, ಅಲ್ಲಗಳೆಯಲು ಅಲೆದಾಟ

ಕಳೆದ ಮಳೆಗಾಲದಲ್ಲಿ ಶಿರಸಿಗೆ ಹೋದಾಗ ಭಾವ ಮೊಬೈಲಿಗೆ ಬಂದಿದ್ದ ನೋಟಿಸ್ ತೋರಿಸಿದರು. ಹೆಲ್ಮೆಟ್ ಇಲ್ಲದೆ ವಾಹನ ಓಡಿಸಿದ್ದಕ್ಕೆ 500 ರೂಪಾಯಿ ದಂಡ, ಅದೂ 400 ಕಿಲೋಮೀಟರ್ ಆಚೆಯ ಊರಿನಲ್ಲಿ. ಚಿತ್ರದಲ್ಲಿದ್ದುದು ಬೈಕು, ಭಾವನದು ಸ್ಕೂಟರ್. ಬೈಕಿನ ನಂಬರಿನಲ್ಲಿದ್ದ 3 ಯಾರಿಗೋ 8 ಆಗಿ ಕಂಡಿತ್ತು. ಆ ದಿನ ಭಾವ ಅಡಿಕೆ ಮಾರಲು ಶಿರಸಿಯ ವಖಾರಿಯಲ್ಲಿದ್ದರು. ತೂಕದ ಚೀಟಿಯೂ ಇತ್ತು.

“ಕೋರ್ಟಿನಲ್ಲಿ ಇದನ್ನೇ ತೋರಿಸಿ ಭಾವ” ಎಂದೆ.

“ಹೋಗಿ ಬರುವ ಬಸ್ಸಿಗೇ ಅದಕ್ಕಿಂತ ಹೆಚ್ಚು ಬೇಕು ಮಾರಾಯ. ತೋಟ ಯಾರು ನೋಡುತ್ತಾರೆ?” ಎಂದರು. ದಂಡ ಕಟ್ಟಿಬಿಟ್ಟರು.

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ನನಗೂ ಒಮ್ಮೆ ದಂಡದ ಟಿಕೆಟ್ ಬಿದ್ದಿತ್ತು. ಕೊಂಬೆಗಳು ಮುಚ್ಚಿದ್ದ ‘ನಿಲ್ಲಿ’ ಫಲಕ ನನಗೆ ಕಂಡಿರಲಿಲ್ಲ. ಪೊಲೀಸರು ಸಹಿ ಹಾಕಿಸಿಕೊಂಡರು. ಆ ಸಹಿ ತಪ್ಪೊಪ್ಪಿಗೆಯಲ್ಲ, ಹಾಜರಾಗುತ್ತೇನೆಂಬ ಮಾತಷ್ಟೇ. ಆ ರಾಜ್ಯದಲ್ಲಿ ಇಂಥ ಪ್ರಕರಣವನ್ನು ಬರಹದಲ್ಲೇ ವಾದಿಸಬಹುದು. ಹೇಳಿಕೆ ಬರೆದು, ಫಲಕದ ಫೋಟೋ ಲಗತ್ತಿಸಿ ಅಂಚೆಗೆ ಹಾಕಿದೆ. ಪೊಲೀಸರೂ ತಮ್ಮ ಹೇಳಿಕೆ ಬರೆದು ಕಳುಹಿಸಬೇಕು. ತೀರ್ಪು ಕೊಡುವುದು ನ್ಯಾಯಾಲಯ. ಸೋತರೆ 20 ದಿನಗಳೊಳಗೆ ಹೊಸದಾಗಿ ವಿಚಾರಣೆ ಕೇಳಬಹುದು. ನಾನು ಗೆದ್ದೆ. ದಂಡದ ಮೊತ್ತವನ್ನು ಮೊದಲೇ ಠೇವಣಿ ಇಡಬೇಕಿತ್ತು. ಬಡವರಿಗೆ ಅದು ಹೊರೆಯೇ, ಆ ಪದ್ಧತಿಯನ್ನು ನಾನು ಮೆಚ್ಚುವುದಿಲ್ಲ. ಆದರೆ ನನ್ನ ಮಾತನ್ನು ಯಾರೋ ಓದಿದರು, ಹಣ ಮರಳಿ ಬಂತು.

ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 208ನೇ ಕಲಂ ಓದಿದಾಗ ನನಗೆ ನಿಜಕ್ಕೂ ನೋವಾಯಿತು. ಸಮನ್ಸ್ ಬಂದವರು ನೋಂದಾಯಿತ ಅಂಚೆಯಲ್ಲಿ ತಪ್ಪೊಪ್ಪಿಕೊಂಡು ಹಣ ಕಳುಹಿಸಲು ಅಲ್ಲಿ ದಾರಿಯಿದೆ. ತಪ್ಪು ಮಾಡಿಲ್ಲ ಎಂದು ಅಂಚೆಯಲ್ಲಿ ವಾದಿಸಲು ಅಂಥ ದಾರಿ ಇಲ್ಲ. ಸ್ವತಃ ಹೋಗಬೇಕು ಇಲ್ಲವೇ ವಕೀಲರನ್ನು ಹಿಡಿಯಬೇಕು. ಆನ್‌ಲೈನ್ ದೂರು ಕೊಡಬಹುದು ನಿಜ, ಆದರೆ ಅದನ್ನು ಓದುವವರು ದಂಡ ಹಾಕಿದ ಇಲಾಖೆಯವರೇ.

ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿ, ಸರಿಯಾದ ಕಾನೂನು ಪ್ರಕ್ರಿಯೆಯಿಲ್ಲದೆ ಯಾವ ರಾಜ್ಯವೂ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯಬಾರದು ಎನ್ನುತ್ತದೆ. ನಮ್ಮದು ಅದಕ್ಕೇನೂ ಕಡಿಮೆಯಿಲ್ಲ. ಕಾನೂನಿನ ವಿಧಾನವಿದ್ದರೆ ಸಾಲದು, ಅದು ನ್ಯಾಯಯುತವಾಗಿಯೂ ಸಮಂಜಸವಾಗಿಯೂ ಇರಬೇಕು ಎಂದು ಜೀವ, ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ 21ನೇ ವಿಧಿಗೆ ಸುಪ್ರೀಂ ಕೋರ್ಟ್ ಮೇನಕಾ ಗಾಂಧಿ ಪ್ರಕರಣದಲ್ಲಿ 1978ರಲ್ಲೇ ಅರ್ಥ ಕೊಟ್ಟಿತು. 500 ರೂಪಾಯಿಯ ದಂಡಕ್ಕೂ ಆ ಮಾತಿನ ಬೆಳಕು ಬೀಳಬೇಕೆಂದು ನಾನು ನಂಬುತ್ತೇನೆ. ಕ್ಯಾಮೆರಾ ದಂಡದ ನೋಟಿಸನ್ನು 15 ದಿನಗಳೊಳಗೆ ಕಳುಹಿಸಬೇಕು, ಕ್ಯಾಮೆರಾ ಇದೆಯೆಂಬ ಫಲಕ ರಸ್ತೆಯಲ್ಲಿ ಕಾಣುವಂತಿರಬೇಕು ಎಂಬ ನಿಯಮಗಳನ್ನು 2021ರಲ್ಲಿ ಕೇಂದ್ರವೇ ತಂದಿತು. ನಮ್ಮ ಕಡೆಯ ಎಷ್ಟು ಜನಕ್ಕೆ ಇದು ಗೊತ್ತು?

2023ರ ಫೆಬ್ರವರಿಯಲ್ಲಿ ಕರ್ನಾಟಕ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿತು. ತಪ್ಪು ಮಾಡಿದವರಿಗೆ ಅದು ಲಾಭ. ಮಾಡದವರಿಗೆ ಅರ್ಧ ದಂಡವೂ ಪೂರ್ತಿ ಅನ್ಯಾಯ. ಕಾರವಾರದಲ್ಲಾಗಲಿ ಶಿರಸಿಯಲ್ಲಾಗಲಿ, ಬೇರೆ ಊರಿನ ದಂಡದ ತಕರಾರನ್ನು ತಮ್ಮೂರಿನ ನ್ಯಾಯಾಲಯದಲ್ಲೇ ಬರೆದು ಕೊಡುವಂತಾಗಬೇಕು. ಭಾವನ ತೂಕದ ಚೀಟಿಯನ್ನು ಅಲ್ಲಿ ನ್ಯಾಯಾಧೀಶರೊಬ್ಬರು ಕೈಗೆತ್ತಿಕೊಂಡು ನೋಡಬೇಕು.