ಹೊಸ ಪ್ಲೈವುಡ್ ಹೊಡೆಯೋಕೆ ಮುಂಚೆ ನೆಲ ಕಿತ್ತು ನೋಡಿ

ಹಳೇ ಮೋಟರ್‌ಹೋಮ್‌ನ (ಅಡುಗೆ, ಮಲಗೋ ವ್ಯವಸ್ಥೆ ಇರೋ ಗಾಡಿ) ಒಳಗನ್ನು ಹೊಸದು ಮಾಡೋದರ ಬಗ್ಗೆ ಈ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ ಸರ್. ಆದರೆ ಹಳೇ ನೆಲದ ಮೇಲೇ ಹೊಸ ಪ್ಲೈವುಡ್ ಕೂರಿಸಬಹುದು ಅಂದಿದ್ದನ್ನು ನಾನು ಒಪ್ಪಲ್ಲ. ಬಳ್ಳಾರಿಯಲ್ಲಿ ನಮ್ಮ ಮಾವನ ಹಳೇ ಮೆಟಡಾರ್ ವ್ಯಾನಿಗೆ ಅಡುಗೆ, ಮಲಗೋ ವ್ಯವಸ್ಥೆ ಮಾಡುವಾಗ ನಾವೂ ಹಾಗೇ ಮಾಡಿ ಕೈ ಸುಟ್ಟುಕೊಂಡೆವು. ಒಂದೇ ಮಳೆಗಾಲಕ್ಕೆ ಹಲಗೆ ಉಬ್ಬಿತು. ಕಿತ್ತು ನೋಡಿದರೆ ಕೆಳಗಿನ ತಗಡು ಹಪ್ಪಳದ ಹಾಗಾಗಿತ್ತು, ಬೆರಳು ಒತ್ತಿದರೆ ಪುಡಿ. ನೀರು ಬರುತ್ತಿದ್ದದ್ದು ಕಿಟಕಿಯ ರಬ್ಬರ್ ಬೀಡಿಂಗ್‌ನಿಂದ. ಇಲ್ಲಿಯ ಬಿಸಿಲಿಗೆ ಅದು ಒಣಗಿ ಸೀಳಿತ್ತು.

ಮೊದಲು ಒಬ್ಬರು ಹೊರಗಿನಿಂದ ಪೈಪ್ ಹಿಡಿದು ನೀರು ಬಿಡಿ, ಇನ್ನೊಬ್ಬರು ಒಳಗೆ ಟಾರ್ಚ್ ಹಾಕಿ ಮೂಲೆ ಮೂಲೆ ನೋಡಿ. ಸೋರುವುದು ನಿಂತ ಮೇಲೆ ತುಕ್ಕು ಕೆರೆದು, ತುಕ್ಕು ತಡೆಯೋ ರೆಡ್ ಆಕ್ಸೈಡ್ ಬಣ್ಣ ಹೊಡೆದು, ಆಮೇಲೆ ಐಎಸ್ 710 (ಮರೈನ್ ಪ್ಲೈವುಡ್‌ನ ಭಾರತೀಯ ಮಾನಕ) ಮುದ್ರೆಯ, ನೀರು ತಡೆಯೋ ಮರೈನ್ ಪ್ಲೈವುಡ್ ಹಾಕಿಸಿ. ಅಂಚಿಗೂ ವಾರ್ನಿಷ್ ಬಳಿಯಿರಿ, ಹಲಗೆ ನೀರು ಕುಡಿಯೋದೇ ಅಲ್ಲಿಂದ.

ಸೀಟಿಗೆ ರೆಕ್ಸಿನ್ ಬೇಡ, ಏಪ್ರಿಲ್‌ನಲ್ಲಿ ಬೆನ್ನಿಗೆ ಅಂಟುತ್ತೆ. ನಮ್ಮೂರಲ್ಲಿ ಜೀನ್ಸ್ ಹೊಲಿಯುವವರಿಗೇನು ಕಡಿಮೆ? ದಪ್ಪ ಡೆನಿಮ್ ಕೊಟ್ಟು ಡಬಲ್ ಹೊಲಿಗೆ ಹಾಕಿಸಿದೆವು, ತೆಗೆದು ಒಗೆಯೋಕೆ ಹಿಂದೆ ಜಿಪ್ ಇಡಿಸಿ.

ಗ್ಯಾಸ್ ಬಗ್ಗೆ ಲೇಖನದಲ್ಲಿ ಒಂದೇ ಸಾಲು ಇದೆ, ಅದು ಸಾಲದು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ನಿಲ್ಲುತ್ತೆ. ಸಿಲಿಂಡರ್ ಗೂಡಿನ ತಳದಲ್ಲೇ ಹೊರಕ್ಕೆ ತೂತು ಇರಬೇಕು, ಮೇಲಿನ ಕಿಟಕಿ ತೆಗೆದಿಟ್ಟರೆ ಸಾಕಾಗಲ್ಲ. ದಯವಿಟ್ಟು ಇದೊಂದನ್ನು ಲೇಖನಕ್ಕೆ ಸೇರಿಸಿ.